ಇಳಿಜಾರಿನಲ್ಲಿ ದ್ರವದ ಹಿಡಿತ

ವಾಹನಗಳನ್ನು ಓಡಿಸುವ ಶಕ್ತಿಯ ವಿಚಾರವಾಗಿ ನಾವು ಎಷ್ಟೋ ಮಾತನಾಡುತ್ತೇವೆ. ಅವುಗಳನ್ನು ನಿಲ್ಲಿಸುವ ಉಪಾಯದ ವಿಚಾರವಾಗಿ ಮಾತನಾಡುವುದು ಕಡಿಮೆ. ಸಮತಟ್ಟಾದ ಬೀದಿಯಲ್ಲಿ ಹೋಗುವ ಬೈಸಿಕಲ್ಲಿಗೆ ಈ ಅಲಕ್ಷ್ಯದಿಂದ ಅಂಥ ಹಾನಿಯೇನೂ ಆಗದು. ಪೆಡಲು ತುಳಿಯುವುದನ್ನು ಬಿಟ್ಟರೆ ಅದು ತಾನಾಗಿಯೇ ನಿಧಾನವಾಗುತ್ತದೆ. ಬೆಟ್ಟದ ದಾರಿಯಲ್ಲಿ ಇಳಿಯುವ ಬೈಸಿಕಲ್ಲಿನ ಮಾತು ಬೇರೆ. ಅಲ್ಲಿ ಸವಾರನು ಸುಮ್ಮನೆ ಕುಳಿತಿದ್ದರೂ ಭೂಮಿಯ ಆಕರ್ಷಣೆಯು ವಾಹನವನ್ನು ಎಳೆಯುತ್ತಲೇ ಇರುತ್ತದೆ, ಅದಕ್ಕೆ ದಣಿವೆಂಬುದಿಲ್ಲ. ಆ ಎಳೆತಕ್ಕೂ ಸವಾರನ ಪ್ರಾಣಕ್ಕೂ ನಡುವೆ ನಿಂತಿರುವುದು ಎರಡು ಬೆರಳುಗಳಿಂದ ಒತ್ತುವ ಒಂದು ಸಣ್ಣ ಹಿಡಿ ಮಾತ್ರ.

ಇಂದಿನ ಒಳ್ಳೆಯ ಬೆಟ್ಟದ ಬೈಸಿಕಲ್ಲುಗಳಲ್ಲಿ ಈ ಹಿಡಿಯಿಂದ ಗಾಲಿಯವರೆಗೆ ಬಲವನ್ನು ಒಯ್ಯುವುದು ಒಂದು ದ್ರವ. ಇಂಥ ದ್ರವಚಾಲಿತ ಡಿಸ್ಕ್ ಬ್ರೇಕನ್ನು ಆರಿಸುವಾಗಲೂ ಕಾಪಾಡುವಾಗಲೂ ಎದುರಾಗುವ ನೂರು ಪ್ರಶ್ನೆಗಳು ಕೊನೆಗೆ ಎರಡೇ ಪ್ರಶ್ನೆಗಳಾಗಿ ನಿಲ್ಲುತ್ತವೆ: ಕೊಳವೆಯೊಳಗೆ ದ್ರವವಲ್ಲದೆ ಬೇರೇನಾದರೂ ಇದೆಯೇ? ಹುಟ್ಟಿದ ಉಷ್ಣವು ಎಲ್ಲಿಗೆ ಹೋಗುತ್ತದೆ? ಈ ಎರಡನ್ನು ಅರಿತವನಿಗೆ ಉಳಿದುದೆಲ್ಲವೂ ತಾನಾಗಿಯೇ ತಿಳಿಯುತ್ತದೆ.

ಗ್ರೀಸು ಹೊಗೆಯಾದ ಕಥೆ

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಉತ್ತರದಲ್ಲಿರುವ ಮರೀನ್ ಜಿಲ್ಲೆಯ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಕಡಿದಾದ ಒಂದು ಮಣ್ಣುದಾರಿಯಿದೆ. ಅದರ ಉದ್ದ ಸುಮಾರು 3.4 ಕಿಲೋಮೀಟರು, ಅಷ್ಟರಲ್ಲಿ ಅದು ಸುಮಾರು 400 ಮೀಟರು ಕೆಳಗಿಳಿಯುತ್ತದೆ. 1976ರ ಅಕ್ಟೋಬರಿನಲ್ಲಿ ಅಲ್ಲಿನ ಕೆಲವು ತರುಣರು ದಪ್ಪ ಟೈರಿನ ಹಳೆಯ ಬೈಸಿಕಲ್ಲುಗಳನ್ನು ಈ ದಾರಿಯ ತುದಿಗೆ ಏರಿಸಿ, ಯಾರು ಬೇಗ ಇಳಿಯುವರೆಂದು ಪಂದ್ಯವಾಡಿದರು. ಬೆಟ್ಟದ ಬೈಸಿಕಲ್ಲೆಂಬ ಯಂತ್ರವು ರೂಪುಗೊಂಡುದು ಬಹುಮಟ್ಟಿಗೆ ಇಂಥ ಪಂದ್ಯಗಳಿಂದಲೇ. ಚಾರ್ಲಿ ಕೆಲ್ಲಿ, ಗ್ಯಾರಿ ಫಿಷರ್, ಜೋ ಬ್ರೀಜ್ ಮೊದಲಾದವರ ಹೆಸರು ಈ ಚರಿತ್ರೆಯಲ್ಲಿ ಬರುತ್ತದೆ. ಈ ದಾರಿಯನ್ನು ಫಿಷರ್ 4 ನಿಮಿಷ 22 ಸೆಕೆಂಡುಗಳಲ್ಲಿ ಇಳಿದುದು ಅಲ್ಲಿನ ದಾಖಲೆ.

ಆ ಹಳೆಯ ಬೈಸಿಕಲ್ಲುಗಳ ಬ್ರೇಕು ಹಿಂದಿನ ಗಾಲಿಯ ಹಬ್ಬಿನೊಳಗೇ ಅಡಗಿರುತ್ತಿತ್ತು. ಪೆಡಲನ್ನು ಹಿಂದಕ್ಕೆ ತುಳಿದರೆ ಒಳಗಿನ ಲೋಹದ ಭಾಗಗಳು ಒಂದನ್ನೊಂದು ಉಜ್ಜಿ ಗಾಲಿಯನ್ನು ತಡೆಯುತ್ತಿದ್ದವು. ಹಬ್ಬಿನಲ್ಲಿ ತುಂಬಿದ ಗ್ರೀಸು ಒಂದು ಸಲ ಬೆಟ್ಟ ಇಳಿಯುವಷ್ಟರಲ್ಲಿ ಕಾದು ಹೊಗೆಯಾಗಿ ಹೋಗುತ್ತಿತ್ತು. ಕೆಳಗೆ ತಲುಪಿದ ಸವಾರನು ಹಬ್ಬನ್ನು ಬಿಚ್ಚಿ ಹೊಸ ಗ್ರೀಸನ್ನು ಮರಳಿ ತುಂಬಬೇಕಾಗುತ್ತಿತ್ತು. ‘ಮರಳಿ ತುಂಬು’ ಎಂಬರ್ಥದ ‘ರೀಪ್ಯಾಕ್’ ಎಂಬ ಮಾತೇ ಆ ದಾರಿಗೆ ಹೆಸರಾಗಿ ನಿಂತಿತು. ಬ್ರೇಕೆಂದರೆ ಉಷ್ಣವನ್ನು ಹುಟ್ಟಿಸುವ ಯಂತ್ರವೆಂಬುದಕ್ಕೆ ಒಂದು ದಾರಿಯ ಹೆಸರೇ ಸಾಕ್ಷಿಯಾಗಿದೆ.

ಉಷ್ಣವೆಷ್ಟು ಎಂಬುದನ್ನು ಲೆಕ್ಕಹಾಕಿ ನೋಡೋಣ. ಸವಾರ ಮತ್ತು ಬೈಸಿಕಲ್ಲು ಸೇರಿ 100 ಕಿಲೋಗ್ರಾಂ ಎಂದಿಟ್ಟುಕೊಂಡರೆ, 400 ಮೀಟರು ಇಳಿಯುವಾಗ ಬಿಡುಗಡೆಯಾಗುವ ಶಕ್ತಿ 100 × 9.8 × 400, ಎಂದರೆ 3,92,000 ಜೂಲು. ಒಂದು ಲೀಟರಿಗೂ ಹೆಚ್ಚು ನೀರನ್ನು ಕೊಠಡಿಯ ಉಷ್ಣತೆಯಿಂದ ಕುದಿಯುವವರೆಗೆ ಕಾಯಿಸಲು ಇಷ್ಟು ಶಕ್ತಿ ಸಾಕು. ಇದರಲ್ಲಿ ಒಂದು ಪಾಲನ್ನು ಗಾಳಿಯ ತಡೆಯೂ ನೆಲದ ಉಜ್ಜುವಿಕೆಯೂ ತೆಗೆದುಕೊಳ್ಳುತ್ತವೆ. ವೇಗವಾಗಿ ಇಳಿಯುವವನಿಗೆ ಈ ಪಾಲು ಅರ್ಧದಷ್ಟಾದರೂ ಆದೀತು. ಎಚ್ಚರಿಕೆಯಿಂದ ನಿಧಾನವಾಗಿ ಇಳಿಯುವವನಿಗೆ ಗಾಳಿಯ ಸಹಾಯ ಕಡಿಮೆ. ಅವನ ಬ್ರೇಕೇ ಹೆಚ್ಚಿನ ಭಾರವನ್ನು ಹೊರಬೇಕು. ಹೊಸಬನ ಬ್ರೇಕು ನುರಿತವನ ಬ್ರೇಕಿಗಿಂತ ಹೆಚ್ಚು ಕಾಯುವುದಕ್ಕೆ ಇದೂ ಒಂದು ಕಾರಣ.

ಡಿಸ್ಕ್ ಬ್ರೇಕಿನಲ್ಲಿ ಗಾಲಿಯ ಹಬ್ಬಿಗೆ ಉಕ್ಕಿನ ತೆಳುವಾದ ಬಿಲ್ಲೆಯೊಂದನ್ನು ಬಿಗಿದಿರುತ್ತಾರೆ. ಇದನ್ನು ಡಿಸ್ಕ್ ಅಥವಾ ರೋಟರ್ ಎನ್ನುವರು. ಅದರ ಎರಡು ಮಗ್ಗುಲುಗಳನ್ನೂ ಎರಡು ಪ್ಯಾಡುಗಳು ಇಕ್ಕಳದಂತೆ ಹಿಡಿಯುತ್ತವೆ. ಈ ಉಪಾಯ ಹೊಸದಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಎಂಜಿನಿಯರು 1902ರಲ್ಲಿಯೇ ಮೋಟಾರು ಕಾರಿಗಾಗಿ ಇಂಥ ಬ್ರೇಕಿಗೆ ಪೇಟೆಂಟು ಪಡೆದಿದ್ದನು. 1953ರಲ್ಲಿ ಫ್ರಾನ್ಸಿನ ಲ ಮಾನ್ ಪಟ್ಟಣದ 24 ಗಂಟೆಗಳ ಓಟದಲ್ಲಿ ಡಿಸ್ಕ್ ಬ್ರೇಕುಳ್ಳ ಜಾಗ್ವಾರ್ ಕಾರು ಗೆದ್ದ ಮೇಲೆ ಇದರ ಹೆಸರು ಎಲ್ಲೆಡೆ ಹರಡಿತು. ಮುಂದೆ ಮೋಟಾರು ಬೈಸಿಕಲ್ಲುಗಳ ಮೂಲಕ ಸಾಗಿ, 1990ರ ದಶಕದ ಕೊನೆಯ ವೇಳೆಗೆ ಬೆಟ್ಟದ ಬೈಸಿಕಲ್ಲುಗಳಲ್ಲಿಯೂ ಅದು ನೆಲೆಗೊಂಡಿತು. ಗಾಲಿಯ ರಿಮ್ಮನ್ನು ಹಿಡಿಯುವ ಬ್ರೇಕು ಕೆಸರಿನಲ್ಲಿ ಜಾರುತ್ತದೆ. ರಿಮ್ಮು ಸ್ವಲ್ಪ ಬಾಗಿದರೂ ತೊಂದರೆ ಕೊಡುತ್ತದೆ. ಡಿಸ್ಕು ನೆಲದಿಂದ ಎತ್ತರದಲ್ಲಿರುವುದರಿಂದ ಕೆಸರು ಅದನ್ನು ಮುಟ್ಟುವುದು ಕಡಿಮೆ; ರಿಮ್ಮಿನ ಸೊಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಿಡಿಯಲ್ಲಿ ಪಾಸ್ಕಲನ ನಿಯಮ

ಮುಚ್ಚಿದ ಪಾತ್ರೆಯೊಳಗಿನ ದ್ರವದ ಒಂದು ಕಡೆ ಒತ್ತಡ ಹಾಕಿದರೆ, ಆ ಒತ್ತಡವು ದ್ರವದ ಎಲ್ಲ ಭಾಗಗಳಿಗೂ ಒಂದೇ ಸಮನಾಗಿ ಹರಡುತ್ತದೆ. ಫ್ರಾನ್ಸಿನ ಬ್ಲೇಸ್ ಪಾಸ್ಕಲನು (1623–1662) ಕಂಡುಕೊಂಡ ಈ ನಿಯಮವು ಅವನು ತೀರಿಕೊಂಡ ಮರುವರ್ಷ ಅಚ್ಚಾದ ಗ್ರಂಥದಲ್ಲಿದೆ. ವಿದ್ಯಾರ್ಥಿಗಳೆಲ್ಲರೂ ಇದನ್ನು ಪರೀಕ್ಷೆಗಾಗಿ ಕಲಿತಿರುತ್ತಾರೆ. ಬೈಸಿಕಲ್ಲಿನಲ್ಲಿ ಇದು ಮಾಡುವ ಕೆಲಸವನ್ನು ಈಗ ನೋಡಿರಿ.

ಬ್ರೇಕಿನ ಹಿಡಿಯ ಬುಡದಲ್ಲಿ ಒಂದು ಸಣ್ಣ ಸಿಲಿಂಡರು, ಅದರೊಳಗೆ ಒಂದು ಪಿಸ್ಟನ್ ಇರುತ್ತವೆ. ಅಲ್ಲಿಂದ ಸಣ್ಣ ಕೊಳವೆಯೊಂದು ಗಾಲಿಯ ಬಳಿಯ ಕ್ಯಾಲಿಪರಿಗೆ ಹೋಗುತ್ತದೆ. ಕ್ಯಾಲಿಪರಿನಲ್ಲಿ ಡಿಸ್ಕಿನ ಎರಡು ಕಡೆಗೂ ದೊಡ್ಡ ಪಿಸ್ಟನ್ನುಗಳಿದ್ದು, ಅವು ಪ್ಯಾಡುಗಳನ್ನು ನೂಕುತ್ತವೆ. ಉದಾಹರಣೆಗೆ, ಮೇಲಿನ ಪಿಸ್ಟನ್ನಿನ ವ್ಯಾಸ 10 ಮಿಲಿಮೀಟರು, ಕೆಳಗಿನದರ ವ್ಯಾಸ 22 ಮಿಲಿಮೀಟರು ಎಂದು ಭಾವಿಸೋಣ. ಬೆರಳುಗಳು 80 ನ್ಯೂಟನ್, ಎಂದರೆ ಸುಮಾರು 8 ಕಿಲೋಗ್ರಾಂ ತೂಕದಷ್ಟು ಬಲವನ್ನು ಹಾಕಲಿ. ಹಿಡಿಯು ಸನ್ನೆಯಾದುದರಿಂದ ಬಲವನ್ನು ಮೊದಲೇ ಆರು ಪಟ್ಟು ಮಾಡಲಿ. ಹಾಗಾದರೆ ಮೇಲಿನ ಪಿಸ್ಟನ್ನಿನ ಮೇಲೆ 480 ನ್ಯೂಟನ್ ಬೀಳುತ್ತದೆ. ದ್ರವದಲ್ಲಿ ಏಳುವ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 60 ಪಟ್ಟು! ವ್ಯಾಸದ ವರ್ಗಕ್ಕೆ ಅನುಗುಣವಾಗಿ ಕ್ಷೇತ್ರಫಲವು ಹೆಚ್ಚುವುದರಿಂದ, ಕೆಳಗಿನ ಪ್ರತಿಯೊಂದು ಪಿಸ್ಟನ್ನೂ 4.84 ಪಟ್ಟು, ಎಂದರೆ ಸುಮಾರು 2,300 ನ್ಯೂಟನ್ ಬಲದಿಂದ ಡಿಸ್ಕನ್ನು ಒತ್ತುತ್ತದೆ. ಎರಡು ಕ್ವಿಂಟಾಲಿಗೂ ಮೀರಿದ ತೂಕವನ್ನು ಅಂಗೈಯಗಲದ ಯಂತ್ರವೊಂದು ಹೀಗೆ ಹೊರಿಸುತ್ತದೆ.

ಪ್ರಕೃತಿಯು ಯಾವುದನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ಬಲದಲ್ಲಿ ಪಡೆದುದನ್ನು ದೂರದಲ್ಲಿ ತೆರಬೇಕು. ಮೇಲಿನಿಂದ ಹೊರಟ ದ್ರವವು ಕೆಳಗೆ ಎರಡು ದೊಡ್ಡ ಪಿಸ್ಟನ್ನುಗಳಿಗೆ ಹಂಚಿಹೋಗುವುದರಿಂದ, ಪ್ಯಾಡುಗಳು 0.3 ಮಿಲಿಮೀಟರು ಸರಿಯಬೇಕಾದರೆ ಮೇಲಿನ ಪಿಸ್ಟನ್ ಸುಮಾರು 3 ಮಿಲಿಮೀಟರು ಸರಿಯಬೇಕು. ಆದುದರಿಂದಲೇ ಪ್ಯಾಡಿಗೂ ಡಿಸ್ಕಿಗೂ ನಡುವೆ ಕೂದಲೆಳೆಯಷ್ಟು ಅಂತರವನ್ನು ಮಾತ್ರ ಇಡುತ್ತಾರೆ. ಡಿಸ್ಕು ಎಳ್ಳಷ್ಟು ಬಾಗಿದರೂ ‘ಸರ್ ಸರ್’ ಎಂದು ಉಜ್ಜತೊಡಗುತ್ತದೆ.

ಈ ಅಂತರವನ್ನು ಕಾಯುವ ಏರ್ಪಾಡು ಬಹು ಜಾಣತನದ್ದು. ಕೆಳಗಿನ ಪಿಸ್ಟನ್ನಿನ ಸುತ್ತ ರಬ್ಬರಿನ ಸೀಲೊಂದಿರುತ್ತದೆ. ಪಿಸ್ಟನ್ ಮುಂದೆ ಸರಿದಾಗ ಸೀಲು ಅದರೊಡನೆ ಸ್ವಲ್ಪ ಬಾಗುತ್ತದೆ. ಹಿಡಿಯನ್ನು ಬಿಟ್ಟಾಗ ತನ್ನ ಮೊದಲಿನ ಆಕಾರಕ್ಕೆ ಬರುತ್ತ ಪಿಸ್ಟನ್ನನ್ನು ಹಿಂದಕ್ಕೆಳೆಯುತ್ತದೆ. ಪ್ಯಾಡು ಸವೆದಾಗ ಪಿಸ್ಟನ್ ಹೆಚ್ಚು ದೂರ ಬರಬೇಕಾಗಿ, ಸೀಲಿನೊಳಗೆ ಜಾರಿ ಹೊಸ ಸ್ಥಾನದಲ್ಲಿ ನಿಲ್ಲುತ್ತದೆ. ಆಗ ಬೇಕಾದ ಹೆಚ್ಚಿನ ದ್ರವವು ಹಿಡಿಯ ಬಳಿಯ ಪುಟ್ಟ ತೊಟ್ಟಿಯಿಂದ ಇಳಿದುಬರುತ್ತದೆ. ಹೀಗೆ ಸವೆತವನ್ನು ಬ್ರೇಕು ತಾನೇ ಸರಿದೂಗಿಸಿಕೊಳ್ಳುತ್ತದೆ. ತಂತಿಯ ಬ್ರೇಕಿನಲ್ಲಾದರೆ ಈ ಕೆಲಸವನ್ನು ನಾವು ಆಗಾಗ್ಗೆ ತಿರುಪನ್ನು ತಿರುಗಿಸಿ ಮಾಡಬೇಕು. ಕೊಳವೆಯ ಬಾಗುಗಳಲ್ಲಿ ತಂತಿಯು ಉಜ್ಜಿ ಬಲವೂ ನಷ್ಟವಾಗುತ್ತದೆ.

ಗಾಳಿಯೆಂಬ ಕಳ್ಳ

ದ್ರವವನ್ನು ಒತ್ತಿ ಕುಗ್ಗಿಸುವುದು ಬಹಳ ಕಷ್ಟ. ಮೇಲೆ ಹೇಳಿದ 60 ಪಟ್ಟು ಒತ್ತಡದಲ್ಲಿಯೂ ಬ್ರೇಕಿನ ದ್ರವವು ಕುಗ್ಗುವುದು ನೂರರಲ್ಲಿ ಅರ್ಧ ಭಾಗಕ್ಕಿಂತ ಕಡಿಮೆ. ಗಾಳಿಯಾದರೋ ಅದೇ ಒತ್ತಡದಲ್ಲಿ ಅರುವತ್ತನೆಯ ಒಂದು ಭಾಗಕ್ಕೆ ಇಳಿದುಬಿಡುತ್ತದೆ. ನಮ್ಮ ಉದಾಹರಣೆಯ ಮೇಲಿನ ಪಿಸ್ಟನ್ 10 ಮಿಲಿಮೀಟರು ಸರಿದರೆ ನೂಕುವ ದ್ರವವು ಒಂದು ಘನ ಸೆಂಟಿಮೀಟರಿಗೂ ಕಡಿಮೆ, ಸುಮಾರು 0.8. ಕೊಳವೆಯಲ್ಲಿ ಕಾಲು ಘನ ಸೆಂಟಿಮೀಟರಿನಷ್ಟು, ಎಂದರೆ ಬಟಾಣಿಗಿಂತಲೂ ಸಣ್ಣದಾದ ಗಾಳಿಗುಳ್ಳೆ ಸೇರಿದ್ದರೆ, ಹಿಡಿಯ ಚಲನೆಯ ಮೂರನೆಯ ಒಂದು ಭಾಗವು ಅದನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗುತ್ತದೆ. ಹಿಡಿಯು ಒತ್ತಿದಾಗ ಸ್ಪಂಜಿನಂತೆ ಮೆತ್ತಗಾಗುವುದರ ಅರ್ಥವಿದು.

ಔಷಧದಂಗಡಿಯಲ್ಲಿ ಸಿಗುವ ಎರಡು ಸಿರಿಂಜುಗಳನ್ನು, ಒಂದು ಸಣ್ಣದು ಒಂದು ದೊಡ್ಡದು, ಸೂಜಿಯಿಲ್ಲದೆ ತಂದು ರಬ್ಬರು ಕೊಳವೆಯಿಂದ ಜೋಡಿಸಿ ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಒಳಗೆ ಬರಿಯ ನೀರಿದ್ದಾಗ ಸಣ್ಣದನ್ನು ಒತ್ತಿದೊಡನೆ ದೊಡ್ಡದು ಏಳುತ್ತದೆ. ಎರಡನ್ನೂ ಇಬ್ಬರು ಒತ್ತಿ ನೋಡಿದರೆ ಸಣ್ಣದನ್ನು ಹಿಡಿದವನೇ ಸುಲಭವಾಗಿ ಗೆಲ್ಲುತ್ತಾನೆ. ಒಂದಿಷ್ಟು ಗಾಳಿಯನ್ನು ಸೇರಿಸಿ ಮತ್ತೆ ಒತ್ತಿರಿ. ಬೆರಳು ಮುಂದೆ ಹೋಗುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಬ್ರೇಕಿನ ಮೊದಲ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಬೇಕಿಲ್ಲ.

ಕೈ ಬಿಟ್ಟಾಗ ಕುದಿಯುವ ದ್ರವ

ಎರಡನೆಯ ಪ್ರಶ್ನೆ ಉಷ್ಣದ್ದು. 160 ಮಿಲಿಮೀಟರು ವ್ಯಾಸದ ಡಿಸ್ಕಿನ ತೂಕ ಸುಮಾರು 120 ಗ್ರಾಂ. ಉಕ್ಕಿನ ವಿಶಿಷ್ಟೋಷ್ಣವನ್ನು ಗಮನಿಸಿದರೆ ಅದರ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು 60 ಜೂಲು ಸಾಕು. 100 ಕಿಲೋಗ್ರಾಮಿನ ಬೈಸಿಕಲ್ಲನ್ನು ಗಂಟೆಗೆ 36 ಕಿಲೋಮೀಟರು ವೇಗದಿಂದ ಒಂದೇ ಬ್ರೇಕು ನಿಲ್ಲಿಸಿತೆನ್ನಿ. 5,000 ಜೂಲು ಚಲನಶಕ್ತಿಯು ಡಿಸ್ಕಿಗೆ ಸೇರಿ ಅದರ ಉಷ್ಣತೆ 80 ಡಿಗ್ರಿಗೂ ಹೆಚ್ಚು ಏರುತ್ತದೆ. ರೀಪ್ಯಾಕ್ ದಾರಿಯಂಥ ಇಳಿಜಾರಿನ ಅರ್ಧ ಶಕ್ತಿಯನ್ನು ಮಾತ್ರ ಎರಡು ಡಿಸ್ಕುಗಳು ತೆಗೆದುಕೊಂಡು ತಮ್ಮಲ್ಲಿಯೇ ಇಟ್ಟುಕೊಂಡವೆನ್ನಿ. ಆಗ ಉಕ್ಕು ಕರಗಿಹೋಗುವಷ್ಟು ಕಾಯಬೇಕಾಗುತ್ತದೆ! ಹಾಗೆ ಆಗದಿರುವುದಕ್ಕೆ ಕಾರಣ, ಡಿಸ್ಕು ಪಡೆದ ಉಷ್ಣವನ್ನು ಬೀಸುವ ಗಾಳಿಗೆ ಕೂಡಲೇ ಕೊಡುತ್ತ ಹೋಗುವುದು. ಡಿಸ್ಕಿನಲ್ಲಿ ತೂತುಗಳನ್ನು ಕೊರೆದಿರುವುದು ಅಲಂಕಾರಕ್ಕಲ್ಲ. ಅವು ತೂಕವನ್ನು ತಗ್ಗಿಸುತ್ತವೆ, ನೀರು ಕೆಸರುಗಳನ್ನು ಒರೆಸುತ್ತವೆ, ಗಾಳಿಗೆ ಹೆಚ್ಚು ಅಂಚುಗಳನ್ನು ಒದಗಿಸುತ್ತವೆ.

ಆದರೂ ಒಂದು ಪಾಲು ಉಷ್ಣವು ಪ್ಯಾಡಿನ ಮೂಲಕ ಪಿಸ್ಟನ್ನಿಗೂ, ಅಲ್ಲಿಂದ ದ್ರವಕ್ಕೂ ತಲುಪುತ್ತದೆ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಒತ್ತಡ ಹೆಚ್ಚಿದಷ್ಟೂ ಕುದಿಯುವ ಬಿಂದು ಮೇಲೇರುತ್ತದೆ. ನಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರು ನಡೆಯುವುದೇ ಈ ತತ್ತ್ವದಿಂದ. ಹಿಡಿಯನ್ನು ಅದುಮಿರುವಷ್ಟು ಕಾಲ ದ್ರವವು ಭಾರಿ ಒತ್ತಡದಲ್ಲಿದ್ದು, ಎಷ್ಟು ಕಾದರೂ ಕುದಿಯದೆ ಇರಬಹುದು. ಸವಾರನು ನಿರಾಳವಾಗಿ ಹಿಡಿಯನ್ನು ಬಿಟ್ಟೊಡನೆ ಒತ್ತಡವು ಕುಸಿದು ಕಾದ ದ್ರವವು ಆವಿಯಾಗುತ್ತದೆ. ಮರುಗಳಿಗೆ ತಿರುವು ಬಂತೆಂದು ಮತ್ತೆ ಅದುಮಿದರೆ, ಹಿಡಿಯು ಆವಿಯನ್ನು ಕುಗ್ಗಿಸುತ್ತ ಹ್ಯಾಂಡಲಿಗೆ ಬಂದು ತಾಗುತ್ತದೆ, ಗಾಲಿ ನಿಲ್ಲುವುದಿಲ್ಲ. ಈವರೆಗೆ ಚೆನ್ನಾಗಿ ಹಿಡಿಯುತ್ತಿದ್ದ ಬ್ರೇಕು ಮುನ್ಸೂಚನೆಯೇ ಇಲ್ಲದೆ ಕೈಕೊಡುವುದು ಹೀಗೆ. ಗಾಳಿಯ ದೋಷವನ್ನು ಮನೆಯಂಗಳದಲ್ಲಿಯೇ ಪತ್ತೆಹಚ್ಚಬಹುದು. ಇದು ಕಾಣಿಸಿಕೊಳ್ಳುವುದು ಬೆಟ್ಟದ ನಡುವೆ.

ಆರಿಸುವ ಬಗೆ

ಇಷ್ಟನ್ನು ತಿಳಿದುಕೊಂಡ ಮೇಲೆ ಬ್ರೇಕನ್ನು ಆರಿಸುವುದು ಕಷ್ಟವಲ್ಲ.

ಮೊದಲನೆಯದು ಡಿಸ್ಕಿನ ಗಾತ್ರ. ಪೇಟೆಯಲ್ಲಿ 160, 180, 203 ಮಿಲಿಮೀಟರು ವ್ಯಾಸದವು ಸಾಮಾನ್ಯ. ಪ್ಯಾಡು ಗಾಲಿಯ ನಡುವಿನಿಂದ ದೂರದಲ್ಲಿ ಹಿಡಿದಷ್ಟೂ ಅದರ ತಿರುಗುಬಲವು ಹೆಚ್ಚು. 160ರ ಬದಲು 203ನ್ನು ಹಾಕಿದರೆ ಬೆರಳಿನ ಅದೇ ಬಲಕ್ಕೆ ಕಾಲು ಪಾಲಿಗಿಂತಲೂ ಹೆಚ್ಚಿನ ಹಿಡಿತ ದೊರೆಯುತ್ತದೆ. ಲೋಹವೂ ಹೆಚ್ಚಿರುವುದರಿಂದ ಡಿಸ್ಕು ನಿಧಾನವಾಗಿ ಕಾದು ಬೇಗ ಆರುತ್ತದೆ. ಹಗುರವಾದ ಸವಾರನಿಗೆ, ಏರುತಗ್ಗುಗಳ ಸಾಧಾರಣ ದಾರಿಗೆ 160 ಸಾಕು. ತೂಕದ ಸವಾರನಿಗೆ, ಉದ್ದವಾದ ಇಳಿಜಾರಿಗೆ 180 ಅಥವಾ 203 ಉಚಿತ. ಬ್ರೇಕು ಹಾಕಿದಾಗ ಭಾರವು ಮುಂದಿನ ಗಾಲಿಗೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದು. ಎರಡರಲ್ಲಿ ಒಂದೇ ದೊಡ್ಡದಿರುವುದಾದರೆ ಅದು ಮುಂದಿನದಾಗಿರಲಿ. ಚೌಕಟ್ಟೂ ಮುಂದಿನ ಫೋರ್ಕೂ ಎಷ್ಟು ದೊಡ್ಡ ಡಿಸ್ಕನ್ನು ತಾಳಬಲ್ಲವೆಂದು ಅವುಗಳ ತಯಾರಕರು ಮಿತಿ ಹೇಳಿರುತ್ತಾರೆ. ಅದನ್ನು ಮೀರಕೂಡದು.

ಎರಡನೆಯದು ಪಿಸ್ಟನ್ನುಗಳ ಸಂಖ್ಯೆ. ಎರಡು ಪಿಸ್ಟನ್ನಿನ ಕ್ಯಾಲಿಪರು ಹಗುರ, ಅಗ್ಗ, ಕಾಪಾಡುವುದಕ್ಕೂ ಸುಲಭ. ನಾಲ್ಕು ಪಿಸ್ಟನ್ನಿನದು ಹೆಚ್ಚು ಅಗಲವಾದ ಪ್ಯಾಡನ್ನು ಹೆಚ್ಚು ಬಲದಿಂದ ಒತ್ತುತ್ತದೆ. ಕಡಿದಾದ ದಾರಿಗಳಿಗೆ ಅದು ತಕ್ಕುದು. ಟೈರಿಗೂ ನೆಲಕ್ಕೂ ಇರುವ ಹಿಡಿತವನ್ನು ಮೀರಿ ಯಾವ ಬ್ರೇಕೂ ವಾಹನವನ್ನು ನಿಲ್ಲಿಸಲಾರದೆಂಬುದನ್ನು ಮಾತ್ರ ಮರೆಯಬಾರದು. ನುಣುಪಾದ ಟೈರಿನ ಬೈಸಿಕಲ್ಲಿಗೆ ಪ್ರಬಲವಾದ ಬ್ರೇಕು ಹಾಕಿದರೆ ಗಾಲಿ ನಿಲ್ಲುತ್ತದೆ, ಬೈಸಿಕಲ್ಲು ಜಾರುತ್ತದೆ.

ಮೂರನೆಯದು ಪ್ಯಾಡಿನ ಪದಾರ್ಥ. ರಾಳದಲ್ಲಿ ನಾರು ಮೊದಲಾದವನ್ನು ಬೆರೆಸಿ ಮಾಡಿದ ಪ್ಯಾಡು ಸದ್ದಿಲ್ಲದೆ ಮೃದುವಾಗಿ ಹಿಡಿಯುತ್ತದೆ. ಮಳೆ ಕೆಸರುಗಳಲ್ಲಿ ಬೇಗ ಸವೆಯುತ್ತದೆ, ತೀರ ಕಾದಾಗ ಹಿಡಿತ ಕುಂದುತ್ತದೆ. ಲೋಹದ ಪುಡಿಯನ್ನು ಕಾಯಿಸಿ ಒತ್ತಿ ಮಾಡಿದ ಪ್ಯಾಡು ಉಷ್ಣವನ್ನೂ ಕೆಸರನ್ನೂ ಚೆನ್ನಾಗಿ ತಾಳುತ್ತದೆ. ಸದ್ದು ಹೆಚ್ಚು, ಡಿಸ್ಕನ್ನೂ ಹೆಚ್ಚು ಸವೆಸುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತಿರುಗುವವರಿಗೆ ಎರಡನೆಯದು ಮೇಲು. ಕೆಲವು ಅಗ್ಗದ ಡಿಸ್ಕುಗಳು ರಾಳದ ಪ್ಯಾಡಿಗೆ ಮಾತ್ರ ಯೋಗ್ಯವಾದವು. ಆ ಮಾತನ್ನು ಅವುಗಳ ಮೇಲೆಯೇ ಕೆತ್ತಿರುತ್ತಾರೆ. ಕೊಳ್ಳುವ ಮುನ್ನ ಓದಿ ನೋಡಬೇಕು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು, ದ್ರವ. ಎರಡು ಜಾತಿಯ ದ್ರವಗಳು ಬಳಕೆಯಲ್ಲಿವೆ. ಒಂದು ‘ಡಾಟ್’ ದ್ರವ. ಮೋಟಾರು ವಾಹನಗಳಲ್ಲಿಯೂ ಇದೇ ಇರುವುದು. ಡಾಟ್ 4 ಎಂಬುದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ, ಡಾಟ್ 5.1ಕ್ಕೆ ಇದು 260 ಡಿಗ್ರಿ. ಈ ದ್ರವಕ್ಕೆ ಗಾಳಿಯಲ್ಲಿನ ತೇವವನ್ನು ಹೀರುವ ಗುಣವಿದೆ. ನೂರಕ್ಕೆ ನಾಲ್ಕು ಪಾಲಿನಷ್ಟು ನೀರು ಸೇರಿದರೆ ಸಾಕು, ಕುದಿಯುವ ಬಿಂದುವಿನ ಕನಿಷ್ಠ ಮಿತಿ ಡಾಟ್ 4ಕ್ಕೆ 155ಕ್ಕೂ, 5.1ಕ್ಕೆ 180ಕ್ಕೂ ಇಳಿಯುತ್ತದೆ. ಇನ್ನೊಂದು ಖನಿಜ ತೈಲ. ಇದು ನೀರನ್ನು ಹೀರುವುದಿಲ್ಲ. ಬಣ್ಣವನ್ನೂ ಚರ್ಮವನ್ನೂ ಕೆಡಿಸುವುದು ಕಡಿಮೆ. ಆದರೆ ಹೇಗಾದರೂ ನೀರಿನ ಹನಿ ಒಳಗೆ ಸೇರಿದರೆ, ಅದು ತೈಲದಲ್ಲಿ ಬೆರೆಯದೆ ತಗ್ಗಿನಲ್ಲಿರುವ ಕ್ಯಾಲಿಪರಿಗೆ, ಎಂದರೆ ಅತ್ಯಂತ ಬಿಸಿಯಾದ ಜಾಗಕ್ಕೆ ಇಳಿದು ನಿಲ್ಲುತ್ತದೆ. ಅಲ್ಲಿ ಅದು 100 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ.

ಶಿಮಾನೋ, ಮಾಗುರಾ ಬ್ರೇಕುಗಳಿಗೆ ಖನಿಜ ತೈಲ. ಹೋಪ್ ಮತ್ತು ಶ್ರಾಮ್ ಸಂಸ್ಥೆಯ ಅನೇಕ ಬ್ರೇಕುಗಳಿಗೆ ಡಾಟ್ ದ್ರವ. ಶ್ರಾಮ್‌ನವರೇ ಈಚೆಗೆ ಕೆಲವು ಮಾದರಿಗಳಿಗೆ ಖನಿಜ ತೈಲವನ್ನು ಬಳಸಿರುವುದರಿಂದ ಸಂಸ್ಥೆಯ ಹೆಸರನ್ನು ನಂಬದೆ ಹಿಡಿಯ ಮೇಲೆಯೋ ಕೈಪಿಡಿಯಲ್ಲಿಯೋ ಬರೆದುದನ್ನು ನೋಡುವುದು ಕ್ಷೇಮ. ಒಂದರ ಬದಲು ಇನ್ನೊಂದನ್ನು ಎಂದಿಗೂ ಹಾಕಕೂಡದು. ಎರಡಕ್ಕೂ ಬೇರೆ ಬೇರೆ ರಬ್ಬರಿನ ಸೀಲುಗಳಿವೆ. ತಪ್ಪು ದ್ರವ ಬಿದ್ದರೆ ಸೀಲು ಉಬ್ಬಿ ಕೆಟ್ಟು ಇಡೀ ಬ್ರೇಕೇ ಹಾಳಾಗುತ್ತದೆ. ಹೆಸರು ಹತ್ತಿರವಾಗಿದ್ದರೂ ಡಾಟ್ 5 ಎಂಬುದು ಸಿಲಿಕೋನ್ ಜಾತಿಯ ಬೇರೆಯೇ ದ್ರವ, ಅದನ್ನು 5.1ರ ಬದಲು ಬಳಸಬಾರದು. ನಮ್ಮ ದೇಶದಲ್ಲಿ ಡಾಟ್ 4 ಮೋಟಾರು ಬೈಕಿನ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ. ಖನಿಜ ತೈಲಕ್ಕೆ ದೊಡ್ಡ ಊರಿನ ಬೈಸಿಕಲ್ ಅಂಗಡಿಯನ್ನು ಹುಡುಕಬೇಕಾಗಬಹುದು. ಬ್ರೇಕನ್ನು ಕೊಳ್ಳುವಾಗಲೇ ಅದರ ದ್ರವವೂ ಪ್ಯಾಡುಗಳೂ ಮುಂದೆ ಎಲ್ಲಿ ದೊರೆಯುವುವೆಂದು ವಿಚಾರಿಸಿಕೊಳ್ಳುವುದು ಜಾಣತನ.

ಊರೊಳಗೆ ಕಾಲೇಜಿಗೆ ಹೋಗಿಬರುವವರಿಗೆ ಇವಾವುವೂ ಅವಶ್ಯವಲ್ಲ. ಸಮತಟ್ಟಾದ ದಾರಿಗೆ ಸಾಧಾರಣ ರಿಮ್ ಬ್ರೇಕು ಅಥವಾ ತಂತಿಯ ಡಿಸ್ಕ್ ಬ್ರೇಕು ಧಾರಾಳವಾಗಿ ಸಾಕು.

ಕಾಪಾಡುವ ಬಗೆ

ಹೊಸ ಪ್ಯಾಡನ್ನು ಹಾಕಿದೊಡನೆ ಬೆಟ್ಟಕ್ಕೆ ಹೋಗಬಾರದು. ಪ್ಯಾಡಿನ ಪದಾರ್ಥದ ತೆಳುವಾದ ಪದರವೊಂದು ಡಿಸ್ಕಿನ ಮೇಲೆ ಸಮನಾಗಿ ಕೂತ ಮೇಲೆಯೇ ಪೂರ್ಣ ಹಿಡಿತ ಬರುತ್ತದೆ. ಬಯಲಿನಲ್ಲಿ ಮಧ್ಯಮ ವೇಗದಿಂದ ನಡಿಗೆಯ ವೇಗಕ್ಕೆ ಇಪ್ಪತ್ತು ಸಲ, ಹೆಚ್ಚಿನ ವೇಗದಿಂದ ಹತ್ತು ಸಲ, ಪೂರ್ತಿ ನಿಲ್ಲಿಸದೆ ನಿಧಾನಗೊಳಿಸಿದರೆ ಈ ಕೆಲಸ ಮುಗಿಯುತ್ತದೆ. ಎರಡೂ ಬ್ರೇಕುಗಳನ್ನು ಹೀಗೆ ಪಳಗಿಸಬೇಕು.

ಎಣ್ಣೆಯು ಘರ್ಷಣೆಯ ಶತ್ರು. ಸರಪಳಿಗೆ ಎಣ್ಣೆ ಚಿಮುಕಿಸುವಾಗ ಡಿಸ್ಕಿಗೆ ತಾಗದಂತೆ ಬಟ್ಟೆಯಿಂದ ಮುಚ್ಚಿರಿ. ಬೆರಳಿನ ಜಿಡ್ಡು ಕೂಡ ಒಳ್ಳೆಯದಲ್ಲ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಶುದ್ಧ ಬಟ್ಟೆಯಿಂದ ಒರೆಸಬಹುದು. ಎಣ್ಣೆ ಹೀರಿದ ಪ್ಯಾಡನ್ನು ಮಾತ್ರ ಎಸೆದು ಹೊಸದನ್ನು ಹಾಕುವುದೇ ಸರಿ. ಇಳಿಜಾರನ್ನು ಇಳಿದು ಬಂದ ತಕ್ಷಣ ಡಿಸ್ಕನ್ನು ಮುಟ್ಟಬೇಡಿರಿ, ಚರ್ಮ ಸುಡುತ್ತದೆ.

ಸವೆತವನ್ನು ಅಳೆದು ನೋಡುತ್ತಿರಬೇಕು. ಲೋಹದ ಹಲಗೆಯ ಮೇಲೆ ಪ್ಯಾಡಿನ ಪದಾರ್ಥವು ಅರ್ಧ ಮಿಲಿಮೀಟರಿಗೆ ಇಳಿಯುವ ಮುನ್ನವೇ ಅದನ್ನು ಬದಲಾಯಿಸಿರಿ. ಡಿಸ್ಕು ಹೊಸದಾಗಿದ್ದಾಗ ಸುಮಾರು 1.8 ಮಿಲಿಮೀಟರು ದಪ್ಪವಿರುತ್ತದೆ. ಎಷ್ಟಕ್ಕೆ ಇಳಿದರೆ ತೆಗೆಯಬೇಕೆಂದು ತಯಾರಕರು ತಿಳಿಸಿರುತ್ತಾರೆ. ಅನೇಕ ಡಿಸ್ಕುಗಳಿಗೆ ಈ ಮಿತಿ 1.5 ಮಿಲಿಮೀಟರು.

ಡಿಸ್ಕು ಒಂದು ಕಡೆ ಉಜ್ಜುತ್ತಿದ್ದರೆ ಕ್ಯಾಲಿಪರಿನ ಎರಡು ಬೋಲ್ಟುಗಳನ್ನು ಸ್ವಲ್ಪ ಸಡಿಲಿಸಿ, ಹಿಡಿಯನ್ನು ಅದುಮಿ ಹಿಡಿದು, ಮತ್ತೆ ಒಂದಾದ ಮೇಲೊಂದನ್ನು ಬಿಗಿಯಿರಿ. ಕ್ಯಾಲಿಪರು ತಾನಾಗಿಯೇ ನಡುವಿಗೆ ಬಂದು ನಿಲ್ಲುತ್ತದೆ. ಗಾಲಿಯನ್ನು ಬಿಚ್ಚಿದಾಗ ಪ್ಯಾಡುಗಳ ನಡುವೆ ಒಂದು ತುಂಡು ಪ್ಲಾಸ್ಟಿಕ್ಕನ್ನೋ ಮಡಿಸಿದ ದಪ್ಪ ರಟ್ಟನ್ನೋ ಇಡಬೇಕು. ಇಡದೆ ಯಾರಾದರೂ ಹಿಡಿಯನ್ನು ಒತ್ತಿದರೆ ಪಿಸ್ಟನ್ನುಗಳು ಸವೆತವನ್ನು ಸರಿದೂಗಿಸುವಂತೆಯೇ ಮುಂದೆ ಬಂದು ನಿಲ್ಲುತ್ತವೆ, ಗಾಲಿಯನ್ನು ಮತ್ತೆ ಸೇರಿಸಲಾಗದು. ಆಗ ಪ್ಯಾಡುಗಳನ್ನು ತೆಗೆದು, ಮೊಂಡಾದ ಪ್ಲಾಸ್ಟಿಕ್ ಪಟ್ಟಿಯಿಂದ ಪಿಸ್ಟನ್ನುಗಳನ್ನು ಮೆಲ್ಲನೆ ಹಿಂದಕ್ಕೆ ನೂಕಬೇಕು.

ಹಿಡಿ ಮೆತ್ತಗಾದಾಗ ಗಾಳಿಯನ್ನು ತೆಗೆಯಬೇಕು. ಗ್ಯಾರೇಜಿನವರು ಇದನ್ನು ‘ಬ್ಲೀಡ್ ಮಾಡುವುದು’ ಎನ್ನುತ್ತಾರೆ. ಇದರ ತತ್ತ್ವ ಸರಳವಾದುದು: ಗುಳ್ಳೆಗಳು ಮೇಲಕ್ಕೇರುತ್ತವೆ. ಆದುದರಿಂದ ಹೆಚ್ಚಿನ ಬ್ರೇಕುಗಳಲ್ಲಿ ಕ್ಯಾಲಿಪರಿಗೆ ಸಿರಿಂಜನ್ನು ಜೋಡಿಸಿ ಹೊಸ ದ್ರವವನ್ನು ಕೆಳಗಿನಿಂದ ಮೇಲಕ್ಕೆ ನೂಕುತ್ತಾರೆ. ಹಿಡಿಯ ಬಳಿಯ ತೊಟ್ಟಿಯ ಬಾಯಿಯಿಂದ ಗುಳ್ಳೆಗಳು ಹೊರಬೀಳುತ್ತವೆ. ಕೊಳವೆಯನ್ನೂ ಕ್ಯಾಲಿಪರನ್ನೂ ಮೆಲ್ಲನೆ ತಟ್ಟುತ್ತಿದ್ದರೆ ಅಂಟಿಕೊಂಡ ಗುಳ್ಳೆಗಳೂ ಬಿಡುತ್ತವೆ. ಈ ಕೆಲಸಕ್ಕೆ ಮುಂಚೆ ಗಾಲಿಯನ್ನೂ ಪ್ಯಾಡುಗಳನ್ನೂ ತೆಗೆದು ದೂರವಿಡಬೇಕು. ಪಿಸ್ಟನ್ನುಗಳ ನಡುವೆ ತಯಾರಕರು ಕೊಟ್ಟ ತುಂಡನ್ನು ಸೇರಿಸಬೇಕು. ಡಾಟ್ ದ್ರವವಾದರೆ ಕನ್ನಡಕ, ಕೈಚೀಲಗಳು ಇರಲಿ. ಅದು ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರಿನಿಂದ ತೊಳೆಯಿರಿ. ವಿವರಗಳು ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ಆಯಾ ಬ್ರೇಕಿನ ಕೈಪಿಡಿಯನ್ನು ಮುಂದಿಟ್ಟುಕೊಂಡೇ ಕೆಲಸಕ್ಕೆ ತೊಡಗಬೇಕು.

ಡಾಟ್ ದ್ರವವನ್ನು ಹಿಡಿ ಗಟ್ಟಿಯಾಗಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು. ಅದು ಹೀರಿದ ನೀರು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ತಿಳಿಯುವುದಿಲ್ಲ. ತಿಳಿಯುವುದು ಬೆಟ್ಟದಲ್ಲಿ ಕುದಿದಾಗಲೇ. ಮಳೆನಾಡಿನ ತೇವದ ಹವೆಯಲ್ಲಿ ಇರುವವರು ಈ ನಿಯಮವನ್ನು ಮತ್ತಷ್ಟು ಬಿಗಿಯಾಗಿ ಪಾಲಿಸಬೇಕು. ಬಹುಕಾಲದಿಂದ ಬಾಯಿ ತೆರೆದಿಟ್ಟ ಸೀಸೆಯ ದ್ರವವನ್ನೂ, ಒಮ್ಮೆ ಹೊರತೆಗೆದ ದ್ರವವನ್ನೂ ಮತ್ತೆ ಬಳಸಕೂಡದು. ಖನಿಜ ತೈಲವು ಕಪ್ಪಾದಾಗ ಅಥವಾ ಹಿಡಿ ಮೆತ್ತಗಾದಾಗ ಬದಲಾಯಿಸಬೇಕು.

ಇಳಿಯುವ ರೀತಿಯೂ ಕಾಪಾಡುವ ಕೆಲಸದ ಒಂದು ಭಾಗವೇ. ದಾರಿಯುದ್ದಕ್ಕೂ ಒಂದೇ ಬ್ರೇಕನ್ನು ಅರೆಬರೆಯಾಗಿ ಅದುಮಿಕೊಂಡೇ ಇದ್ದರೆ ಉಷ್ಣವು ಆರುವುದಕ್ಕೆ ಬಿಡುವಿಲ್ಲದೆ ದ್ರವದವರೆಗೂ ಇಳಿಯುತ್ತದೆ. ಎರಡು ಬ್ರೇಕುಗಳಿಗೂ ಕೆಲಸವನ್ನು ಹಂಚಿ, ತಿರುವಿಗೆ ಮೊದಲೇ ಗಟ್ಟಿಯಾಗಿ ಹಿಡಿದು ವೇಗವನ್ನು ತಗ್ಗಿಸಿ, ನೇರವಾದ ಕಡೆ ಬಿಟ್ಟು ಗಾಳಿಯಾಡಗೊಡಬೇಕು. ಉದ್ದವಾದ ಇಳಿಜಾರಿನಲ್ಲಿ ನಡುನಡುವೆ ನಿಂತು ಡಿಸ್ಕನ್ನು ಆರಲು ಬಿಡುವುದು ನಾಚಿಕೆಯ ವಿಷಯವಲ್ಲ.

ಕೊನೆಯದಾಗಿ ಒಂದು ಅಭ್ಯಾಸ. ಬೆಟ್ಟದ ತುದಿಯಲ್ಲಿ, ಇಳಿಯುವ ಮುನ್ನ, ಎರಡು ಹಿಡಿಗಳನ್ನೂ ಬಲವಾಗಿ ಅದುಮಿ ಹತ್ತು ಎಣಿಸುವವರೆಗೆ ಹಿಡಿದಿರಿ. ಹಿಡಿಯು ಗಟ್ಟಿಯಾಗಿ ಒಂದೆಡೆ ನಿಂತರೆ ಒಳಗೆ ದ್ರವವೇ ಇದೆಯೆಂದು ತಿಳಿಯಬಹುದು. ಮೆಲ್ಲನೆ ಒಳಗಿಳಿಯುತ್ತ ಹೋದರೆ ಎಲ್ಲಿಯೋ ಸೋರಿಕೆಯಿದೆ. ಮೆತ್ತಗಿದ್ದು ಹ್ಯಾಂಡಲಿಗೆ ತಾಗಿದರೆ ಗಾಳಿಯಿದೆ. ಆಗ ಬೈಸಿಕಲ್ಲನ್ನು ಕೈಯಲ್ಲಿ ಹಿಡಿದು ನಡೆದೇ ಇಳಿಯಿರಿ. ನಡೆದು ಇಳಿದವನು ಬ್ರೇಕನ್ನು ಸರಿಮಾಡಿಕೊಂಡು ಮರುದಿನ ಮತ್ತೆ ಬೆಟ್ಟವನ್ನು ಹತ್ತಬಲ್ಲನು.